ನಿಧಾನ ಉಣ್ಣುವವನಿಗೆ ಒಂದು ಎಲೆ

ನಮ್ಮ ಊರಿನಲ್ಲಿ ನನ್ನನ್ನು ಈಗಲೂ ಮಿಲಿಟ್ರಿಯವರು ಎಂದೇ ಕರೆಯುತ್ತಾರೆ. ಆ ಹೆಸರಿನ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಯುದ್ಧದಲ್ಲಿ ಎಷ್ಟು ಜನರನ್ನು ಹೊಡೆದಿರಿ? ಶಿರ್ತಾಡಿಯ ಚಹಾದಂಗಡಿಯಲ್ಲಿ ಕೇಳಿದ್ದಾರೆ, ಮೂಡುಬಿದಿರೆಯ ಬಸ್ಸಿನಲ್ಲಿ ಕೇಳಿದ್ದಾರೆ, ನನ್ನ ಮದುವೆಯ ಮಾತುಕತೆಯ ದಿನ ಹುಡುಗಿಯ ಸೋದರಮಾವನೂ ಕೇಳಿದ್ದಾನೆ. ತರಬೇತಿಯಲ್ಲಿ ಹಾರಿಸಿದ್ದು ಬಿಟ್ಟರೆ ಯಾರ ಮೇಲೂ ಒಂದು ಗುಂಡು ಹಾರಿಸಿದವನಲ್ಲ ಎಂದರೆ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಕೊಟ್ಟ ಚಹಾವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟು ಪುಣ್ಯ. ಎಷ್ಟು ಜನರನ್ನು ಹೊತ್ತಿರಿ ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಇವತ್ತು ಹೇಳಿಯೇ ಬಿಡುತ್ತೇನೆ, ಯಾರು ಬೇಡ ಎನ್ನುತ್ತಾರೆ ನೋಡುವ.

ನಮ್ಮದು ಅಳಿಯಸಂತಾನದ ಮನೆ. ಅಲ್ಲಿ ಅಪ್ಪನಿಗಿಂತ ಅಮ್ಮನ ಅಣ್ಣನ ಮಾತು ದೊಡ್ಡದು. ಆ ಮಾವನಿಗೂ ನನಗೂ ಸರಿಹೋದ ದಿನವಿಲ್ಲ. ಅವರ ಸಿಟ್ಟೂ ಮೂಗಿನ ತುದಿಯಲ್ಲೇ, ನನ್ನದೂ ಅಲ್ಲೇ. ಐವತ್ತರ ದಶಕದ ಕೊನೆಯಲ್ಲಿ ಒಂದು ದಿನ, ಗದ್ದೆಗೆ ನೀರು ಬಿಡುವ ವಿಷಯಕ್ಕೆ ಅವರೊಡನೆ ಮಾತಿಗೆ ಮಾತು ಬೆಳೆಸಿ, ಉಟ್ಟ ಬಟ್ಟೆಯಲ್ಲೇ ಮಂಗಳೂರಿಗೆ ಹೊರಟುಹೋದೆ. ಬೊಂಬಾಯಿಗೆ ಹೋಗಿ ಯಾವುದಾದರೂ ಹೋಟೆಲು ಸೇರುವ ಯೋಚನೆ ಇತ್ತು. ಮಂಗಳೂರಿನಲ್ಲಿ ಸೈನ್ಯಕ್ಕೆ ಆಳು ತೆಗೆದುಕೊಳ್ಳುತ್ತಿದ್ದರು. ಎದೆ ಅಳೆದರು, ಓಡಿಸಿದರು, ಹಲ್ಲು ನೋಡಿದರು. ಹೈಸ್ಕೂಲಿನ ಬಾಗಿಲು ಕಂಡವನು ಎಂದು ತಿಳಿದ ಮೇಲೆ ವೈದ್ಯಕೀಯ ದಳಕ್ಕೆ ಹಾಕಿದರು.

ನಾನು ಸೇರಿದ್ದು ಫೀಲ್ಡ್ ಆಂಬುಲೆನ್ಸ್ ಎಂಬ ದಳಕ್ಕೆ. ಕಾಗದದಲ್ಲಿ ಹಾಗೆ ಬರೆದದ್ದನ್ನು ಓದಿಸಿಕೊಂಡು ಅಮ್ಮ ಊರೆಲ್ಲ ನನ್ನ ಮಗ ಆಂಬುಲೆನ್ಸ್ ಕಾರು ಬಿಡುತ್ತಾನೆ ಎಂದು ಹೇಳಿಬಿಟ್ಟಿದ್ದರು. ಕಾರೂ ಇಲ್ಲ, ಚಕ್ರವೂ ಇಲ್ಲ. ರಸ್ತೆ ಇಲ್ಲದ ಕಡೆ ಗಾಯಗೊಂಡು ಬಿದ್ದವನನ್ನು ಸ್ಟ್ರೆಚರಿನಲ್ಲಿ ಎತ್ತಿ, ವಾಹನ ಬರುವ ಜಾಗದವರೆಗೆ ಹೊತ್ತು ತರುವುದು ನಮ್ಮ ಕೆಲಸ. ಗಾಯ ಕಟ್ಟುವುದು, ಮುರಿದ ಮೂಳೆಗೆ ಪಟ್ಟಿ ಇಡುವುದು, ಬೆಡ್‌ಪ್ಯಾನ್ ತೊಳೆಯುವುದು, ಹೆಣ ಒರೆಸುವುದು ಎಲ್ಲವನ್ನೂ ಕಲಿಸಿದರು. ಮನೆಯಲ್ಲಿ ಉಂಡ ಎಲೆ ಎತ್ತಿದವನಲ್ಲ ನಾನು. ಮೊದಲ ತಿಂಗಳು ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡು ಮಾಡಿದೆ, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಆ ಕೆಲಸವೇ ಪ್ರೀತಿಯಾಯಿತು. ಆ ದಳಕ್ಕೆ ನಾನು ಋಣಿ, ಮುಖ ನೋಡದೆ ಮನುಷ್ಯನನ್ನು ಎತ್ತಲು ಕಲಿಸಿದ್ದು ಅದು.

ಸ್ಟ್ರೆಚರಿಗೆ ಎರಡು ತುದಿ. ನನ್ನದು ಹಿಂದಿನದು, ಮುಂದಿನದು ರಾಜಸ್ಥಾನದ ಒಬ್ಬನದು. ನನಗಿಂತ ಸ್ವಲ್ಪ ದೊಡ್ಡವನು, ಉದ್ದ ಕಾಲಿನವನು, ಮರಳಿನಲ್ಲಿ ಬೆಳೆದವನು. ನನ್ನನ್ನು ಮದ್ರಾಸಿ ಎಂದು ಕರೆಯುತ್ತಿದ್ದ. ನಾನು ಮದ್ರಾಸಿನವನಲ್ಲ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಯಿತು ಎಂದು ಭೂಪಟ ಬಿಡಿಸಿ ತೋರಿಸಿದೆ. ಅವನು ಎಲ್ಲ ಗಮನವಿಟ್ಟು ಕೇಳಿ, ಅಚ್ಛಾ, ಮದ್ರಾಸಿನ ಹತ್ತಿರ, ಎಂದ. ಆಮೇಲೆ ನಾನು ಬಿಟ್ಟುಬಿಟ್ಟೆ.

ಅವನಲ್ಲಿ ನನಗೆ ತಲೆ ಕೆಡಿಸುತ್ತಿದ್ದ ಒಂದು ಗುಣ ಇತ್ತು. ಊಟಕ್ಕೆ ಕೂತರೆ ಏಳುವುದೇ ಇಲ್ಲ. ಒಂದು ರೊಟ್ಟಿಯನ್ನು ಹತ್ತು ಸಲ ಮುರಿದು, ಮುರಿದದ್ದನ್ನು ಮತ್ತೆ ಮುರಿದು, ಬೆಲ್ಲದ ಚೂರು ಕಚ್ಚಿ, ಕಣ್ಣು ಮುಚ್ಚಿ ಅಗಿಯುತ್ತಿದ್ದ. ನಾವೆಲ್ಲ ತಟ್ಟೆ ತೊಳೆದು ಬಂದರೂ ಅವನದು ಅರ್ಧ ಆಗಿರುವುದಿಲ್ಲ. ಮಾಂಸ ಮೀನು ಹೋಗಲಿ, ಮೊಟ್ಟೆಯನ್ನೂ ಮುಟ್ಟುವವನಲ್ಲ. ಕುರಿಮಾಂಸ ಬೇಯುವ ದಿನ ಗಾಳಿ ಎತ್ತ ಬೀಸುತ್ತದೆ ಎಂದು ನೋಡಿ ಆಚೆ ಬದಿಗೆ ಹೋಗಿ ಕೂರುತ್ತಿದ್ದ. ಅವನ ಪಾಲಿನ ಮಾಂಸ ನನ್ನ ತಟ್ಟೆಗೆ ಬರುತ್ತಿತ್ತು, ಹಾಗಾಗಿ ಅದರ ಮೇಲೆ ನನಗೇನೂ ತಕರಾರಿರಲಿಲ್ಲ. ನಿಧಾನದ ಮೇಲೆ ಮಾತ್ರ ದಿನಾ ಬೈಯುತ್ತಿದ್ದೆ. ಅವನು ಒಮ್ಮೆಯೂ ಸಿಟ್ಟಾಗಲಿಲ್ಲ. ಬೆಟ್ಟದ ಮೇಲೆ ಹೇಗೆ ಉಸಿರು ತೆಗೆದುಕೊಳ್ಳಬೇಕು, ಒದ್ದೆ ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಹೇಗೆ ಒಣಗಿಸಬೇಕು ಎಂದು ಹೇಳಿಕೊಟ್ಟವನು ಅವನೇ. ಇವತ್ತು ನನ್ನ ಕಾಲಿನ ಬೆರಳುಗಳು ನನ್ನ ಕಾಲಿನಲ್ಲೇ ಇದ್ದರೆ ಅದಕ್ಕೆ ಅವನು ಕಾರಣ.

ಚೀನಾದೊಂದಿಗೆ ಯುದ್ಧ ಹತ್ತಿಕೊಂಡಾಗ ನಮ್ಮನ್ನು ಪೂರ್ವದ ಬೆಟ್ಟಗಳಿಗೆ ಕಳಿಸಿದರು. ಯುದ್ಧದ ದೊಡ್ಡ ಸಂಗತಿ ಏನೂ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೇ ಕಾಲುದಾರಿ. ಮೇಲೆ ಗಾಯಾಳುಗಳು, ಕೆಳಗೆ ಗಾಯಕ್ಕೆ ಮದ್ದು ಮಾಡುವ ಡ್ರೆಸ್ಸಿಂಗ್ ಸ್ಟೇಷನ್, ನಡುವೆ ನಾವು. ಆ ದಾರಿಯ ಒಂದೊಂದು ಕಲ್ಲೂ ನೆನಪುಂಟು.

ನಾನು ಹೇಳಹೊರಟ ದಿನ ಬೆಳಿಗ್ಗೆ ರೊಟ್ಟಿ ಕೊಟ್ಟಿದ್ದರು. ಅವನು ಎಂದಿನಂತೆ ಶುರುಮಾಡಿದ್ದನಷ್ಟೇ, ಮೇಲಿಂದ ಕರೆ ಬಂತು. ಉಳಿದ ರೊಟ್ಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ. ಬಂದು ತಿನ್ನುತ್ತೇನೆ ಎಂದ. ನಿನಗಾಗಿ ಯುದ್ಧ ಕಾಯುವುದಿಲ್ಲ ಎಂದು ನಾನು ಗೊಣಗಿದೆ.

ಮೇಲೆ ನಮಗೆ ಸಿಕ್ಕಿದವನಿಗೆ ಭುಜಕ್ಕೆ ಗುಂಡು ಬಿದ್ದಿತ್ತು. ಕಾಲಿನ ಬೆರಳುಗಳು ಹಿಮಕ್ಕೆ ಕಪ್ಪಾಗಿದ್ದವು. ರಕ್ತ ಬಹಳ ಹೋಗಿತ್ತು. ಡಾಕ್ಟರು ಕಟ್ಟು ಹಾಕಿ, ಬೇಗ ಕೆಳಗೆ ಮುಟ್ಟಿಸಿದರೆ ಬದುಕುತ್ತಾನೆ, ದಾರಿಯಲ್ಲಿ ಅಲುಗಾಡಿ ಕಟ್ಟು ಬಿಚ್ಚಿದರೆ ಇಲ್ಲ ಎಂದು ನೇರವಾಗಿ ಹೇಳಿದರು. ಉಳಿದ ಹೊರುವವರು ಬೇರೆ ಗಾಯಾಳುಗಳ ಹಿಂದೆ ಹೋಗಿದ್ದರಿಂದ ನಾಲ್ವರು ಹೊರಬೇಕಾದದ್ದನ್ನು ನಾವಿಬ್ಬರೇ ಎತ್ತಿದೆವು. ಆಗ ಗಾಯಾಳು ನರಳಿದ. ನರಳಿದ್ದು ತುಳುವಿನಲ್ಲಿ. ಅಪ್ಪೇ ಎಂದ. ನಮ್ಮಲ್ಲಿ ಅಮ್ಮನಿಗೆ ಹಾಗೆ ಹೇಳುತ್ತೇವೆ. ಊರು ಬಿಟ್ಟು ಸಾವಿರಾರು ಮೈಲು ದೂರದ ಆ ಬೆಟ್ಟದ ಮೇಲೆ ಆ ಮಾತು ಕಿವಿಗೆ ಬಿದ್ದಾಗ ನನಗೆ ಊರೇ ಎದುರು ಬಂದಷ್ಟು ಖುಷಿಯಾಯಿತು. ಎಲ್ಲಿಯವ ಮಾರಾಯ ನೀನು ಎಂದು ತುಳುವಿನಲ್ಲೇ ಕೇಳಿದೆ. ಅಳದಂಗಡಿ ಎಂದ. ಬೆಳ್ತಂಗಡಿಯ ಆಚೆ. ನಮ್ಮ ಮನೆಯಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ಊರು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ಗಾಯಾಳುವಿನ ಕಾಲು ಮುಂದೆ, ತಲೆ ಹಿಂದೆ ಇರಬೇಕು, ಇಲ್ಲವಾದರೆ ತಲೆ ಕೆಳಗಾಗುತ್ತದೆ. ಇದು ನಮ್ಮ ದಳದ ಪಾಠ. ಹಾಗೆ ತಿರುಗಿಸಿ ಹಿಡಿದು ಹೆಜ್ಜೆ ಇಟ್ಟದ್ದೇ ತಡ, ಅವನು ಏಳಲು ನೋಡಿದ. ಒಳ್ಳೆಯ ಕೈಯಿಂದ ಸ್ಟ್ರೆಚರಿನ ಕೋಲು ಹಿಡಿದು ಒದ್ದಾಡಿದ. ಕಟ್ಟಿನ ಮೇಲೆ ಹೊಸ ರಕ್ತ ಕಾಣಿಸಿತು. ಮುಂದಿನವನು ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರೆ ನನಗೆ ಹೇಳಲೇ ಬರಲಿಲ್ಲ. ಆದರೆ ವಿಷಯ ಏನೆಂದು ನನಗೆ ಕೂಡಲೇ ತಿಳಿಯಿತು. ನಮ್ಮ ಊರಿನಲ್ಲಿ ಕಾಲು ಮುಂದೆ ಮಾಡಿ ಹೊರುವುದು ಹೆಣವನ್ನು.

"ನಾನು ಸಾಯಲಿಲ್ಲ, ಕಾಲು ಮುಂದೆ ಮಾಡಬೇಡಿ," ಎಂದ. "ಹೀಗೆ ಹೋದರೆ ನಾನು ಮುಟ್ಟುವುದಿಲ್ಲ."

ಡಾಕ್ಟರು ಅವನಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಇಂಗ್ಲಿಷಿನ ಪಾಠವಾಗಲಿ, ಹವಾಲ್ದಾರರ ಅಪ್ಪಣೆಯಾಗಲಿ ಅವನ ತಲೆಗೆ ಹೋಗುವ ಹಾಗಿರಲಿಲ್ಲ. ನನಗೆ ಏನು ತೋಚಿತೋ ಏನೋ, ಅವನ ಊರಿನ ಅರಮನೆ ನೆನಪಾಯಿತು. ಅಳದಂಗಡಿ ಎಂದರೆ ಹಳೆಯ ಜೈನ ಅರಸರ ಜಾಗ. ಅರಸರು ದಂಡಿಗೆ ಎಂಬ ಪಲ್ಲಕ್ಕಿಯಲ್ಲಿ ಕೂತು ಹೋಗುತ್ತಿದ್ದ ಕತೆಯನ್ನು ನಮ್ಮಲ್ಲಿ ಎಲ್ಲರೂ ಕೇಳಿದವರೇ.

"ನಿಮ್ಮ ಅರಸರು ದಂಡಿಗೆಯಲ್ಲಿ ಹೋಗುವಾಗ ಕಾಲು ಎತ್ತ ಇರುತ್ತದೆ ಹೇಳು," ಎಂದೆ. "ಮುಂದೆ ಅಲ್ಲವಾ? ಅರಸರು ಹಿಂದೆ ನೋಡಿಕೊಂಡು ಹೋಗ್ತಾರಾ?"

ಅವನ ಕೈ ಕೋಲನ್ನು ಬಿಟ್ಟಿತು. ಯೋಚನೆ ಮಾಡುತ್ತಿದ್ದಾನೆ ಎಂದು ಗೊತ್ತಾಯಿತು. ಅರಸರು ಕೂತುಕೊಂಡು ಹೋಗುವುದು, ಮಲಗಿಕೊಂಡು ಅಲ್ಲ, ಎಂದು ತಕರಾರು ತೆಗೆದ. ಅದೂ ನ್ಯಾಯವೇ. ಸ್ಟ್ರೆಚರು ಇಳಿಸಿ, ಕಂಬಳಿಗಳನ್ನು ಸುತ್ತಿ ಬೆನ್ನಿಗೆ ಒತ್ತುಕೊಟ್ಟು, ಅವನನ್ನು ಅರೆ ಕೂರಿಸಿ, ಪಟ್ಟಿಯಿಂದ ಬಿಗಿದೆವು. ಈಗ ಅವನಿಗೆ ದಾರಿಯೂ ಮುಂದಿನವನ ಬೆನ್ನೂ ಕಾಣುತ್ತಿದ್ದವು. ನಾನು ಹಿಂದೆ ಇದ್ದವನು, ಅವನಿಗೆ ನನ್ನ ಮುಖ ಕಾಣದು, ಮಾತು ಮಾತ್ರ ಕೇಳುವುದು. ಹೊರಟೆವು. ಅವನು ಮತ್ತೆ ಒದ್ದಾಡಲಿಲ್ಲ.

ನಿದ್ದೆ ಹೋಗಬಾರದು ಎಂದು ದಾರಿಯುದ್ದಕ್ಕೂ ಮಾತಾಡಿಸಿದೆ. ಅವನ ಅಜ್ಜ ಅದೇ ಅರಮನೆಯ ದಂಡಿಗೆ ಹೊತ್ತವರಂತೆ. ಮನೆಯಲ್ಲಿ ಅಮ್ಮ ಒಬ್ಬರೇ ಇರುವುದಂತೆ, ಇವನು ಒಬ್ಬನೇ ಮಗನಂತೆ. ನಿಮ್ಮ ತುಳು ಗುತ್ತಿನ ಮನೆಯವರ ಹಾಗೆ ಉಂಟಲ್ಲ, ನೀವು ಎಲ್ಲಿಯವರು ಎಂದು ಕೇಳಿದ. ಗುತ್ತಿನ ಮನೆ ಎಂದರೆ ನಮ್ಮ ಕಡೆ ಭೂಮಿ ಇರುವ ದೊಡ್ಡ ಮನೆ. ಮೂಡುಬಿದಿರೆ ಕಡೆ ಎಂದಷ್ಟೇ ಹೇಳಿದೆ. ಅವನಿಗೆ ಸಂಕಟವಾಯಿತು. ಅಂಥ ಮನೆಯವರು ತನ್ನನ್ನು ಹೊರುವುದು ಸರಿಯಲ್ಲ, ಇಳಿಸಿ, ನಡೆಯುತ್ತೇನೆ ಎಂದು ಶುರುಮಾಡಿದ. ನನಗೆ ಸಿಟ್ಟು ಬಂತು.

"ನಿನ್ನ ಅಜ್ಜ ಹೊತ್ತದ್ದು ಸಾಕು," ಎಂದೆ. "ಇವತ್ತು ಅರಸು ನೀನೇ. ಬಾಯಿ ಮುಚ್ಚಿ ಕೂತುಕೋ ಮಾರಾಯ."

ಅವನು ನಕ್ಕ. ನಕ್ಕದ್ದಕ್ಕೆ ಭುಜ ನೋಯಿತೆಂದು ನನ್ನನ್ನೇ ಬೈದ. ಅವನ ನಗು ಕೇಳಿ ಮುಂದಿನವನೂ ವಿಷಯ ಗೊತ್ತಿಲ್ಲದೆಯೇ ನಕ್ಕ. ಆ ದಾರಿಯಲ್ಲಿ ನಗು ಕೇಳಿದ್ದು ಅದೊಂದು ಸಲ ಇರಬೇಕು.

ಹಗಲು ಇರುವಾಗಲೇ ಕೆಳಗೆ ಮುಟ್ಟಿಸಿದೆವು. ಅರಮನೆ ಬಂತು, ಇಳಿಯಬಹುದು ಎಂದು ಹೇಳಿ ಅವನನ್ನು ಅಲ್ಲಿಯವರ ಕೈಗೆ ಕೊಟ್ಟೆವು. ಅವನ ಕಣ್ಣು ಮುಚ್ಚಿತ್ತು. ಬದುಕುತ್ತಾನೋ ಇಲ್ಲವೋ ಎಂದು ನೋಡಲು ನಿಲ್ಲುವ ಹಾಗಿರಲಿಲ್ಲ. ಖಾಲಿ ಸ್ಟ್ರೆಚರು ಹಿಡಿದು ಇಬ್ಬರೂ ಮತ್ತೆ ಮೇಲಕ್ಕೆ ಹೊರಟೆವು.

ದಾರಿಯ ತಿರುವಿನಲ್ಲಿ ಫಿರಂಗಿಯ ಶೆಲ್ ಬಿತ್ತು. ಮುಂದೆ ಇದ್ದವನು ಅವನು. ಯಾವಾಗಲೂ ಅವನೇ ಮುಂದೆ. ನಾನು ಒಂದು ಸ್ಟ್ರೆಚರಿನಷ್ಟು ಹಿಂದೆ ಇದ್ದೆ, ಅಷ್ಟರಿಂದ ಉಳಿದೆ. ಎಡಗಿವಿ ಹೋಯಿತು, ಪ್ರಜ್ಞೆ ತಪ್ಪಿತು. ಬೇರೆ ಯಾವುದೋ ದಳದವರು ನನ್ನನ್ನು ಎತ್ತಿಕೊಂಡು ಬೇರೆ ದಾರಿಯಲ್ಲಿ ಇಳಿಸಿದರಂತೆ. ಕಾಲು ಮುಂದೆ ಮಾಡಿಯೇ ಹೊತ್ತಿರಬೇಕು. ಅವರ ಮುಖ ನಾನು ನೋಡಿಲ್ಲ, ಅವರ ಊರು ಯಾವುದೆಂದು ಗೊತ್ತಿಲ್ಲ. ಈಗಲೂ ಸ್ನಾನ ಮಾಡಿ ದೇವರ ಮುಂದೆ ನಿಂತಾಗ ಮೊದಲು ಅವರಿಗೆ ಕೈ ಮುಗಿಯುತ್ತೇನೆ. ನನ್ನ ಗೆಳೆಯನ ದೇಹವನ್ನು ಬೆಟ್ಟದಲ್ಲೇ ಸುಟ್ಟರು ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಜೇಬಿನಲ್ಲಿದ್ದ ಅರ್ಧ ರೊಟ್ಟಿಯ ನೆನಪು ಬಂದು ಅತ್ತೆ. ಬಹಳ ಅತ್ತೆ.

ಕಿವಿಯ ದೆಸೆಯಿಂದ ನನ್ನನ್ನು ಮುಂದೆ ಸೇವೆಯಿಂದ ಬಿಡುಗಡೆ ಮಾಡಿದರು. ಊರಿಗೆ ಬಂದೆ. ಮಾವ ನನ್ನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಒಳಗೆ ಇಟ್ಟರು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಒಂದು ವಿಷಯ ಮಾತ್ರ ಮುಗಿಯಲಿಲ್ಲ. ಅಳದಂಗಡಿಯವನು ಬದುಕಿದನೋ ಇಲ್ಲವೋ? ಹೋಗಿ ನೋಡಿದರೆ ಗೊತ್ತಾಗುತ್ತದೆ. ಹೋಗಲು ಧೈರ್ಯ ಬರಲಿಲ್ಲ. ಅವನು ಬದುಕಿದ್ದರೆ ನನ್ನ ಗೆಳೆಯನ ಕೊನೆಯ ಕೆಲಸಕ್ಕೆ ಒಂದು ಅರ್ಥ ಉಂಟು. ಇಲ್ಲವಾದರೆ, ಒಬ್ಬನೇ ಮಗನನ್ನು ಕಳೆದುಕೊಂಡ ತಾಯಿಯ ಎದುರು ಹೋಗಿ ನಾನು ಏನೆಂದು ಹೇಳಲಿ? ಅಕ್ಕನನ್ನು ಬಂಟ್ವಾಳಕ್ಕೆ ಕೊಟ್ಟಿದ್ದರು. ಅವಳನ್ನು ನೋಡುವ ನೆಪದಲ್ಲಿ ಹೋದಾಗಲೆಲ್ಲ ಬಿ.ಸಿ.ರೋಡಿನಲ್ಲಿ ನಿಂತು, ಬೆಳ್ತಂಗಡಿ ಬೆಳ್ತಂಗಡಿ ಎಂದು ಕ್ಲೀನರ್ ಕೂಗುವುದನ್ನು ಕೇಳಿ, ಬಸ್ಸನ್ನು ಹಾಗೇ ಬಿಟ್ಟು ತಿರುಗಿ ಬರುತ್ತಿದ್ದೆ. ಬೆಟ್ಟದಲ್ಲಿ ಶೆಲ್‌ಗೆ ಹೆದರದವನು ಬಸ್ಸಿಗೆ ಹೆದರಿದೆ.

ಅಮ್ಮನಿಗೆ ಒಮ್ಮೆ ಎಲ್ಲ ಹೇಳಿದೆ. ಹೇಳಿದ್ದೇ ತಪ್ಪಾಯಿತು, ಆಮೇಲೆ ಅವರು ನನ್ನನ್ನು ಕೂರಲು ಬಿಡಲಿಲ್ಲ. ಇನ್ನೊಬ್ಬರ ಮಗನನ್ನು ಹೊತ್ತವನು ಮನೆಯವರೆಗೆ ಮುಟ್ಟಿಸಬೇಕು ಎಂದರು.

"ಹೋಗಿ ನೋಡದಿದ್ದರೆ ಅರ್ಧ ದಾರಿಯಲ್ಲಿ ಇಳಿಸಿ ಬಂದ ಹಾಗೆ ಆಗ್ತದೆ ಮಗ."

ಯುದ್ಧ ಕಳೆದು ಮೂರನೆಯ ಮಳೆಗಾಲ ಅದು. ನಾಟಿ ಮುಗಿದು ಯಾರಿಗೂ ಕೆಲಸವಿಲ್ಲದ ಆಟಿ ತಿಂಗಳು. ಬಿ.ಸಿ.ರೋಡಿನಲ್ಲಿ ಈ ಸಲ ಕಣ್ಣು ಮುಚ್ಚಿ ಬಸ್ಸು ಹತ್ತಿದೆ. ಗುರುವಾಯನಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಅಳದಂಗಡಿಯಲ್ಲಿ ಇಳಿದು, ಅಜ್ಜ ದಂಡಿಗೆ ಹೊತ್ತವರ ಮನೆ ಯಾವುದು ಎಂದು ಕೇಳಿದೆ. ಮಿಲಿಟ್ರಿಯವನು ಇದ್ದಾನೋ ಎಂದು ಕೇಳಲು ಬಾಯಿ ಬರಲಿಲ್ಲ. ದಾರಿ ತೋರಿಸಿದರು.

ಸಣ್ಣ ಹುಲ್ಲಿನ ಮನೆ. ಮಧ್ಯಾಹ್ನ ತಿರುಗಿತ್ತು, ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮುಂಬಾಗಿಲು ಮುಚ್ಚಿತ್ತು. ವಯಸ್ಸಾದ ಒಬ್ಬ ಹೆಂಗಸು ಬಾಗಿಲಿಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಕೂರಿ ಎಂದು ಸನ್ನೆ ಮಾಡಿದರು. ನನಗೆ ಕೂಡಲೇ ಅರ್ಥವಾಯಿತು. ಆಟಿಯಲ್ಲಿ ನಮ್ಮ ಮನೆಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಒಳಗೆ ಸಾಲಾಗಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕರೆದು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಬರುತ್ತಾರೆ. ಬದುಕಿದವರ ಎದುರು ಅವರು ಉಣ್ಣುವುದಿಲ್ಲ. ಉಂಡು ಮುಗಿಯುವಷ್ಟು ಹೊತ್ತು ಕಾದು, ಕೆಮ್ಮಿ, ಬಾಗಿಲು ತಟ್ಟಿ ಆಮೇಲೆ ತೆರೆಯುವುದು.

ಒಳಗಿನ ಎಲೆಗಳಲ್ಲಿ ಒಂದು ಯಾರದು ಎಂದು ನಾನು ನಿಶ್ಚಯ ಮಾಡಿಕೊಂಡುಬಿಟ್ಟೆ. ಎದ್ದು ಓಡಿಹೋಗುವ ಎನಿಸಿತು. ಹೋಗಲಿಲ್ಲ. ಯಾರಿಗೆಲ್ಲ ಬಡಿಸಿದಿರಿ ಅಮ್ಮ ಎಂದು ಮೆಲ್ಲಗೆ ಕೇಳಿದೆ. ಅವರು ಮೆಲ್ಲಗೇ ಹೇಳಿದರು. ಗಂಡನಿಗೆ, ಗಂಡನ ತಂದೆತಾಯಿಗೆ, ಸಣ್ಣದರಲ್ಲೇ ಹೋದ ಒಂದು ಮಗಳಿಗೆ.

"ಕೊನೆಗೆ ಇನ್ನು ಎರಡು ಎಲೆ ಉಂಟು," ಎಂದರು. "ಅವರ ಹೆಸರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಯುದ್ಧದಲ್ಲಿ ನನ್ನ ಮಗನನ್ನು ಹೊತ್ತು ತಂದು, ಹಿಂದೆ ಹೋಗುವಾಗ ಸತ್ತರು. ಅವರಿಗೆ ನಾವಲ್ಲದೆ ಇಲ್ಲಿ ಬಡಿಸುವವರು ಯಾರು?"

ಅವರೇ ಮುಂದೆ ಹೇಳುತ್ತಾ ಹೋದರು. ಮಗನನ್ನು ಗಾಡಿಗೆ ಏರಿಸುವಾಗ, ನಿನ್ನನ್ನು ತಂದವರಿಬ್ಬರೂ ಶೆಲ್‌ಗೆ ಹೋದರು ಎಂದು ಯಾರೋ ಅಂದದ್ದು ಅವನ ಕಿವಿಗೆ ಬಿದ್ದಿತ್ತಂತೆ. ಒಬ್ಬರು ಮೂಡುಬಿದಿರೆ ಕಡೆಯವರು ಎಂದಷ್ಟು ಗೊತ್ತಿತ್ತಂತೆ. ಕಾಲು ಸರಿಯಾಗುವ ಮೊದಲೇ ಅವನು ಮೂಡುಬಿದಿರೆಗೆ ಹೋಗಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಗುತ್ತಿನ ಮನೆ ಯಾವುದು ಎಂದು ಬಸ್ಸು ನಿಲ್ಲುವಲ್ಲೆಲ್ಲ ವಿಚಾರಿಸಿದನಂತೆ. ಅಂಥ ಮನೆಯೇ ಇಲ್ಲ ಎಂದರಂತೆ. ಇರುವುದಾದರೂ ಹೇಗೆ? ಸತ್ತವನನ್ನು ಹುಡುಕಿದವನಿಗೆ ಬದುಕಿದವನ ಮನೆಯನ್ನು ಯಾರು ತೋರಿಸುತ್ತಾರೆ?

"ಹಾಗಾದರೆ ನಿಮ್ಮ ಮಗ..." ಎಂದೆ. ಸ್ವರ ಸ್ವಲ್ಪ ದೊಡ್ಡದಾಯಿತು.

ಮನೆಯ ಬದಿಯಿಂದ ಒಬ್ಬ ವೀಳ್ಯದೆಲೆ ಹಿಡಿದುಕೊಂಡು ಬರುತ್ತಿದ್ದ. ಪಾದದ ಮುಂಭಾಗ ಇಲ್ಲದವರ ನಡಿಗೆ ನನಗೆ ಗೊತ್ತು, ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯುತ್ತಾರೆ. ನನ್ನ ಸ್ವರ ಕೇಳಿದ್ದೇ ಅವನು ನಿಂತುಬಿಟ್ಟ. ನನ್ನ ಮುಖವನ್ನು ಅವನು ಎಂದೂ ಸರಿಯಾಗಿ ನೋಡಿದವನಲ್ಲ. ನೋಡುವ ಅಗತ್ಯವೂ ಬೀಳಲಿಲ್ಲ.

"ಅರಮನೆ ಬಂತು ಅಂತ ಇಳಿಸಿ ಹೋದವರು," ಎಂದ, "ಬರುವುದಕ್ಕೆ ಇಷ್ಟು ತಡವಾ?"

ನಾವಿಬ್ಬರೂ ಏನು ಮಾಡಿದೆವು ಎಂದು ಬರೆಯುವುದಿಲ್ಲ. ಗಂಡಸರು ಅಳುವುದನ್ನು ಅವನ ಅಮ್ಮ ನೋಡಿದರು, ಅಷ್ಟು ಸಾಕು. ಬದುಕಿದ್ದ. ಆ ಮನುಷ್ಯ ಬದುಕಿದ್ದ. ಬೆಟ್ಟದಿಂದ ನಾನು ಎದೆಯ ಮೇಲೆ ಹೊತ್ತು ತಂದಿದ್ದ ಭಾರವನ್ನು ಆ ಜಗಲಿಯಲ್ಲಿ ಇಳಿಸಿದೆ.

ವಿಷಯ ತಿಳಿದ ಮೇಲೆ ಆ ತಾಯಿಗೆ ಗಾಬರಿ. ಬದುಕಿದವನಿಗೆ ವರ್ಷ ವರ್ಷ ಸತ್ತವರ ಸಾಲಿನಲ್ಲಿ ಬಡಿಸಿದೆನಲ್ಲ, ನಿನಗೆ ಏನಾದರೂ ಕೇಡಾದರೆ ಎಂದು ಕೈ ಹಿಸುಕಿಕೊಂಡರು. ಊರಿಗೆ ಬಂದಂದಿನಿಂದ ನನಗೆ ಒಂದು ಹೊತ್ತೂ ಊಟ ತಪ್ಪಲಿಲ್ಲ ಅಮ್ಮ, ಯಾಕೆಂದು ಈಗ ಗೊತ್ತಾಯಿತು, ಎಂದೆ. ತಮಾಷೆಗೆ ಅಂದದ್ದಲ್ಲ, ಮನಸ್ಸಿನಿಂದ ಬಂದ ಮಾತು. ನನ್ನ ಹೆಸರೂ ಗೊತ್ತಿಲ್ಲದ ಒಂದು ಮನೆಯಲ್ಲಿ ನನಗಾಗಿ ಎಲೆ ಹಾಕುತ್ತಿದ್ದರು ಎಂಬುದಕ್ಕಿಂತ ದೊಡ್ಡ ಪದಕ ನನಗೆ ಯಾವ ಸರಕಾರವೂ ಕೊಡಲಾರದು.

ಹೊತ್ತಾಯಿತೆಂದು ಅವರು ಕೆಮ್ಮಿ, ಬಾಗಿಲು ತಟ್ಟಿ, ತೆರೆದರು. ಒಳಗೆ ದೀಪ ಉರಿಯುತ್ತಿತ್ತು. ಎಲೆಗಳ ಮೇಲೆ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ, ಪಕ್ಕದಲ್ಲಿ ಶೇಂದಿಯ ಲೋಟ. ಸಾಲಿನ ಕೊನೆಯ ಎರಡು ಎಲೆಗಳಿಗೂ ಅದೇ. ಕೋಳಿಯ ಒಳ್ಳೆಯ ತುಂಡುಗಳನ್ನು ಆರಿಸಿ ಹಾಕಿದ್ದರು. ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅಳುತ್ತಲೇ ನಕ್ಕೆ. ಏನೆಂದು ಇಬ್ಬರೂ ನನ್ನ ಮುಖ ನೋಡಿದರು.

ಹೇಳಬೇಕಾಯಿತು. ನನ್ನ ಗೆಳೆಯ ಮೊಟ್ಟೆಯನ್ನೂ ಮುಟ್ಟದವನು, ಮಾಂಸ ಬೇಯುವಾಗ ಗಾಳಿ ನೋಡಿ ದೂರ ಹೋಗುವವನು ಎಂದೆ. ಮಗ ತಲೆ ತಗ್ಗಿಸಿದ. ನನಗೆ ಅವರ ಬೆನ್ನು ಮಾತ್ರ ಗೊತ್ತಿತ್ತು ಎಂದ. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಷ್ಟು ದೂರದಿಂದ ಬಂದವನು," ಎಂದರು, "ಪ್ರತಿ ವರ್ಷ ಹಸಿದುಕೊಂಡೇ ಹಿಂದೆ ಹೋದನಲ್ಲ."

ಆಮೇಲೆ ನಿಂತಲ್ಲಿ ನಿಲ್ಲಲಿಲ್ಲ ಅವರು. ನನ್ನ ಎಲೆಯನ್ನೂ ಗೆಳೆಯನ ಎಲೆಯನ್ನೂ ಎತ್ತಿ ಆಚೆ ಇಟ್ಟರು. ಕೈಕಾಲು ತೊಳೆದು ಬಂದರು. ಮೀನು ಮಾಂಸ ತಾಗದ ಪಾತ್ರೆಗಾಗಿ ಮಗನನ್ನು ಪಕ್ಕದ ಜೈನರ ಮನೆಗೆ ಕಳಿಸಿದರು. ಗೆಳೆಯನಿಗೆ ಏನು ಇಷ್ಟ ಎಂದು ನನ್ನನ್ನು ಕೇಳಿದರು. ರೊಟ್ಟಿ, ಬೆಲ್ಲ, ಹಾಲು ಎಂದೆ. ಗೋಧಿ ಆ ಮನೆಗೆ ಬಂದದ್ದೇ ಇಲ್ಲ. ಅಕ್ಕಿ ಹಿಟ್ಟಿನಲ್ಲೇ ಬಾಳೆಲೆಯ ಮೇಲೆ ರೊಟ್ಟಿ ತಟ್ಟಿದರು. ದಪ್ಪವಾಯಿತಾ, ತೆಳುವಾಯಿತಾ ಎಂದು ಪ್ರತಿಯೊಂದಕ್ಕೂ ನನ್ನನ್ನು ಕರೆದು ತೋರಿಸಿದರು. ಸರಿಯಾಗಿದೆ ಎಂದೆ. ಹಸುವಿನ ಹಾಲು ಕಾಯಿಸಿ, ಬೆಲ್ಲದ ದೊಡ್ಡ ತುಂಡು ಇಟ್ಟು, ಸಾಲಿನಿಂದ ಸ್ವಲ್ಪ ದೂರದಲ್ಲಿ, ಮೀನಿನ ವಾಸನೆ ಬರದ ಕಡೆ ಹೊಸ ಎಲೆ ಹಾಕಿದರು.

ಕರೆಯುವ ಹೊತ್ತಿಗೆ ಅವರು ತಡೆದರು. ಅವನಿಗೆ ನಮ್ಮ ಭಾಷೆ ಬರ್ತದಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀನೇ ಕರೆ, ಅವನ ಮಾತಿನಲ್ಲಿ, ಎಂದರು.

ಹೊಸ್ತಿಲಲ್ಲಿ ನಿಂತು, ಆ ಬೆಟ್ಟದ ಊಟದ ಸಾಲಿನಲ್ಲಿ ಬಾ, ರೊಟ್ಟಿ ಆಯಿತು ಎಂದು ಕರೆಯುತ್ತಿದ್ದ ಹಾಗೆಯೇ ಕರೆದೆ. ನಿಧಾನ ತಿನ್ನು ಎಂಬ ಕೊನೆಯ ಮಾತು ಮಾತ್ರ ಹೊಸದು.

"ಆಜಾ ಭಾಯಿ. ರೋಟಿ ಬನ್ ಗಯೀ. ಆರಾಮ್ ಸೇ ಖಾ."

ಬಾಗಿಲು ಮುಚ್ಚಿದೆವು. ಮೂವರೂ ಜಗಲಿಯಲ್ಲಿ ಕೂತೆವು. ಅಂಗಳದ ನೀರು ಇಳಿದು ಹೋಗುವ ಸದ್ದು ನನ್ನ ಒಳ್ಳೆಯ ಕಿವಿಗೆ ಕೇಳುತ್ತಿತ್ತು. ಸಾಮಾನ್ಯವಾಗಿ ಕಾಯುವಷ್ಟು ಕಾದಾದ ಮೇಲೆ ಮಗ ಬಾಗಿಲು ತಟ್ಟಲು ಎದ್ದ. ನಾನು ಅವನ ಕೈ ಹಿಡಿದೆ.

"ಅವನು ಬಹಳ ನಿಧಾನ ಉಣ್ಣುವವನು," ಎಂದೆ.

"ಹಾಗಾದರೆ ಇನ್ನೂ ಸ್ವಲ್ಪ ಕೂರುವ," ಎಂದರು ಅಮ್ಮ. ಮಗ ಮತ್ತೆ ನನ್ನ ಪಕ್ಕದಲ್ಲಿ ಕೂತ.